ಹೆಸರು ಸವೆದ ಪುಟಾಣಿ ಉಗಿಬಂಡಿ

ಹುಬ್ಬಳ್ಳಿ
ಎರಡನೆಯ ಸಲ ಕೆರೆ ತುಂಬಿದ ವರ್ಷ, ಶ್ರಾವಣದ ಮೂವತ್ತೊಂಬತ್ತನೆಯ ದಿನ

ನಮಗಿಂತ ಬಹಳ ಮೊದಲು ಕೆರೆಯ ಉದ್ಯಾನದಲ್ಲಿ ಪುಟಾಣಿ ರೈಲು ಹತ್ತಿದ ಹಿರಿಯರಿಗೆ ನೀಲಗಂಗಾಳ ನಮಸ್ಕಾರಗಳು.

ನಿಮ್ಮ ಪಂಚಾಂಗದಲ್ಲಿ ಈ ತಾರೀಖು ಸಿಗುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ಮಳೆ ನಿಂತ ಮೇಲೆಯೇ ತಿಂಗಳು ಮುಗಿಯುವುದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಿಕೆಗಳಿಂದ ಕಲಿತೆ, ಅವುಗಳಲ್ಲಿ ಹೆಚ್ಚಿನವು ಸಾಬೂನಿನ ಜಾಹೀರಾತು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ, ಮುಂಜಾನೆಯ ಮಂಜಿನಲ್ಲಿ ಕಾಗದವನ್ನು ಕೆರೆಯ ಮೇಲೆ ಹಿಡಿದು ಕೈಬಿಡುವುದು. ನೀರಿಗೆ ಬೀಳದಿದ್ದರೆ ಅದು ನಿಮಗೆ ತಲುಪಿತೆಂದೇ ಲೆಕ್ಕ.

ನಿಮ್ಮ ಎಂಜಿನ್ ಇನ್ನೂ ಇದೆ. ಅದನ್ನು ಕಾಯುವವಳು ನಾನು. ದೊಡ್ಡ ಉಗಿಬಂಡಿಗಳೆಲ್ಲ ಗುಜರಿಗೆ ಹೋದ ಮೇಲೆ, ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ಕೆಲವರು ಕೈ ಸುಮ್ಮನಿರಲಾರದೆ ಇದನ್ನು ಮಕ್ಕಳಿಗಾಗಿ ಕಟ್ಟಿದರಂತೆ. ಮಕ್ಕಳಿಗಾಗಿ ಎಂಬುದು ನೆಪವೆಂದು ನನ್ನ ಗುಮಾನಿ. ಬಾಯ್ಲರು ಬಚ್ಚಲಿನ ಹಂಡೆಗಿಂತ ತುಸು ದೊಡ್ಡದು. ನಡೆಸುವವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂರಬೇಕು. ಆಮೇಲೆ ಊರಿನಲ್ಲಿ ಬೆಂಕಿಯೇ ನಿಷೇಧವಾದ ಕಾಲ ಬಂತು. ಆಗ ಅದನ್ನು ಒಂದು ಎಣ್ಣೆ ಗಾಣದಲ್ಲಿ, ಶೇಂಗಾ ಸಿಪ್ಪೆಯ ರಾಶಿಯಡಿ ಬಚ್ಚಿಟ್ಟರು. ಅದನ್ನು ಬಲ್ಲವರೆಲ್ಲ ತೀರಿಹೋಗಿದ್ದರಿಂದ, ಸಿಪ್ಪೆ ಸರಿಸಿದಾಗ ಕಂಡದ್ದು ಏನೆಂದು ತಿಳಿಯುವುದಕ್ಕೇ ನಮ್ಮವರಿಗೆ ಒಂದು ತಲೆಮಾರು ಹಿಡಿಯಿತು.

ಈಗ ವರ್ಷಕ್ಕೊಂದು ಉರಿಬಿಡುವು ಇದೆ. ಊರಲ್ಲಿ ಬೆಂಕಿ ಹಚ್ಚಲು ಅಪ್ಪಣೆ ಇರುವ ಒಂದೇ ದಿನ ಅದು. ಅಂದು ಶೇಂಗಾ ಸಿಪ್ಪೆ ತುಂಬಿ ಎಂಜಿನ್ನಿಗೆ ಉರಿ ಹಾಕುತ್ತೇವೆ. ಹೊಗೆಯನ್ನೇ ಕಾಣದ ಮಕ್ಕಳು ಮೋಡ ಇಷ್ಟು ಕೆಳಗೆ ಯಾಕೆ ಬಂತು ಎಂದು ಕೇಳುತ್ತವೆ. ಮುದುಕಿಯರು ತುರುಬು ಬಿಚ್ಚಿ ಹೊಗೆಗೆ ಹಿಡಿಯುತ್ತಾರೆ, ವಾಸನೆ ಎರಡು ದಿನ ಉಳಿಯಲಿ ಎಂದು. ಬಂಡಿ ಕೆರೆಯನ್ನು ಸುತ್ತುವಾಗ ನೀರಿನಲ್ಲಿ ಅದರ ನೆರಳು ಒಂದು ಬೋಗಿ ಹೆಚ್ಚಿಗೆ ಎಳೆಯುತ್ತದೆ. ಆ ಬೋಗಿಯಲ್ಲಿ ನೀವು ಕೂತಿರುತ್ತೀರಿ ಎಂದು ನಂಬಿದ್ದೇವೆ. ಹಸಿರು ಲಂಗದ ಒಬ್ಬ ಹುಡುಗಿಯನ್ನು ನಾನು ಎರಡು ಸಲ ಕಂಡಿದ್ದೇನೆ, ಅವಳು ಕೈಬೀಸಿದ್ದು ನನಗೋ ಬಾತುಕೋಳಿಗೋ ಗೊತ್ತಾಗಲಿಲ್ಲ.

ನಮ್ಮಲ್ಲಿ ರೈಲಿಗೆ ಟಿಕೆಟ್ ಇಲ್ಲ. ಹತ್ತುವವರು ಮೊದಲು ಎಂಜಿನ್ನಿನ ಹಿತ್ತಾಳೆ ಫಲಕವನ್ನು ಹುಣಸೆಹಣ್ಣು, ಹಿಂದಿನ ಉರಿಬಿಡುವಿನ ಬೂದಿ ಹಾಕಿ ಉಜ್ಜಬೇಕು. ಬಾಣಂತಿಯರು ಕೂಸಿನ ಕೈಯನ್ನೂ ಹಿಡಿದು ಉಜ್ಜಿಸಿದರು, ಮದುಮಕ್ಕಳು ಜೋಡಿಯಾಗಿ ಉಜ್ಜಿದರು. ನನ್ನ ಅಜ್ಜ ಶಿವಪುತ್ರಪ್ಪನಂತೂ ಪುಣ್ಯ ಬರುತ್ತದೆಂದು ದಿನಾ ಉಜ್ಜುತ್ತಿದ್ದ. ಹೀಗೆ ಪ್ರೀತಿ ಮಾಡಿ ಮಾಡಿಯೇ ಅದರ ಹೆಸರನ್ನು ಅಳಿಸಿಬಿಟ್ಟಿದ್ದೇವೆ. ಈಗ ಆ ಫಲಕದಲ್ಲಿ ನಮ್ಮ ಮುಖ ಮಾತ್ರ ಕಾಣುತ್ತದೆ.

ಅದೇ ಈಗ ಕುತ್ತಿಗೆಗೆ ಬಂದಿದೆ. ಹಳೆಯ ಕಬ್ಬಿಣ, ಹಿತ್ತಾಳೆಗಳನ್ನೆಲ್ಲ ವಿಚಾರಿಸಿಕೊಳ್ಳುವ ಲೋಹಸಭೆ ಈ ವರ್ಷ ಒಂದು ಕಟ್ಟಳೆ ಮಾಡಿತು: ಕಟ್ಟಿದವರು ಇಟ್ಟ ಹೆಸರು ಮೈಮೇಲೆ ಇದ್ದರೆ ಅದು ಊರಿನ ಆಸ್ತಿ, ಇಲ್ಲದಿದ್ದರೆ ಬರೀ ಲೋಹ, ಊರಾಚೆಯ ಕುಲುಮೆಗೆ ಹೋಗಬೇಕು. ಊರಿನ ಮೂರು ಮನೆತನಗಳು ಮೂರು ಹೆಸರಿನ ಮೇಲೆ ಆಣೆ ಮಾಡುತ್ತಿವೆ. ಒಬ್ಬರಿಗೆ ಅದು ಚಿಗರಿ, ಒಬ್ಬರಿಗೆ ಪುಟ್ಟ ಮಲ್ಲ, ಇನ್ನೊಬ್ಬರಿಗೆ ಕೆರೆರಾಣಿ. ಈ ಜಗಳದಲ್ಲಿ ಎರಡು ಮದುವೆ ಮುರಿದವು. ಸಭೆಯ ಪಟ್ಟಿ ಬರೆಯುವ ರೆಹಮತಬಿ ಒಳ್ಳೆಯ ಹೆಣ್ಣುಮಗಳು, ನನ್ನ ಕಟ್ಟೆಯ ಮೇಲೆ ಕೂತು ಬೇಡಿಕೊಂಡಳು: "ನೀಲವ್ವಾ, ಒಂದ ಹೆಸರು ಹೇಳ್ರಿ. ಮೂರು ಬರ್ಕೊಂಡ್ರ, ಉಳದೆರಡು ಎಂಜಿನ್ ಎಲ್ಲದಾವು ಅಂತ ನನ್ನ ಕೇಳ್ತಾರ."

ನಾನೇ ಒಂದು ಹೆಸರು ಕೆತ್ತಿಬಿಡಬಹುದು, ನನ್ನ ಕೈ ಇನ್ನೂ ನಡುಗುವುದಿಲ್ಲ. ಆದರೆ ಇಷ್ಟು ವರ್ಷ ಜೊತೆಗಿದ್ದ ಜೀವವನ್ನು ಸುಳ್ಳು ಹೆಸರಿನಿಂದ ಕರೆಯಲು ಮನಸ್ಸು ಬರುವುದಿಲ್ಲ. ನನಗೆ ಭಯವಾಗಿದೆ. ನಾಳೆ ಮಧ್ಯಾಹ್ನ ಸಭೆಯವರು ಅದನ್ನು ಕುಲುಮೆಗೆ ಒಯ್ಯಲು ಗಾಡಿ ತರುತ್ತಾರೆ.

ಆದ್ದರಿಂದ ಒಂದು ಬೇಡಿಕೆ. ನಿಮಗೆ ಫಲಕ ಓದಲು ಸಿಗುತ್ತದೆ, ನಿಮ್ಮ ಕಾಲದಲ್ಲಿ ಅಕ್ಷರಗಳು ಇನ್ನೂ ಉಬ್ಬಿಕೊಂಡಿವೆ. ಮುಂದಿನ ಚಕ್ರದ ಹಿಂದೆ, ಚೌಕಟ್ಟಿನ ಒಳಮೈಯಲ್ಲಿ ಅಂಗೈಯಗಲದ ಒಂದು ಜಾಗವಿದೆ. ಉಜ್ಜುವವರ ಕೈ ಅಲ್ಲಿಗೆ ಎಂದೂ ಹೋಗಿಲ್ಲ. ಮೊಳೆ ಹಿಡಿದು ಆ ಹೆಸರನ್ನು ಅಲ್ಲಿ ಗೀಚಿಬಿಡಿ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಉದ್ಯಾನದ ಕಾವಲುಗಾರ ಬೈದರೆ ಬೈಸಿಕೊಳ್ಳಿ.

ಕನ್ನಡಿ ಹಿಡಿದರೆ ಆ ಜಾಗ ಕಾಣುತ್ತದೆ. ನಾನು ಇದುವರೆಗೆ ಬೇಕೆಂದೇ ನೋಡಿಲ್ಲ. ಅದು ಖಾಲಿ ಎಂದು ಕಂಡುಬಿಟ್ಟರೆ ನೀವು ಬರೆಯಲಿಲ್ಲವೆಂದೇ ಆಗಿಹೋಗುತ್ತದೆ. ಬೆಳಗಾದ ಮೇಲೆ ನೋಡಲೇಬೇಕು. ಅಷ್ಟರೊಳಗೆ ಬರೆದುಬಿಡಿ.