ಅಣ್ಣನ ಪ್ಯಾಂಟ್

ಡೊಂಬಿವಲಿ ಪೂರ್ವ
ಭಾನುವಾರ, ೯ ನವೆಂಬರ್ ೨೦೨೫

ವೈನಿ, ನಿಮ್ಮ ನಾದಿನಿ ಸೌಭಾಗ್ಯಳ ಶರಣು.

ವಾರಕ್ಕೆರಡು ಸಲ ಫೋನ್ ಮಾಡುವವಳು ಈಗೇಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಊಟ ಆಯಿತೇ ಎಂದು ಕೇಳುತ್ತೀರಿ, ನಾನು ಆಯಿತು ಎನ್ನುತ್ತೇನೆ, ಅಷ್ಟರಲ್ಲಿ ನನ್ನ ಧೈರ್ಯ ಮುಗಿದುಹೋಗಿರುತ್ತದೆ. ಅಣ್ಣ ಹೋದಾಗಿನಿಂದ ಹೀಗೇ ನಡೆದಿದೆ. ಕಾಗದದಲ್ಲಾದರೆ ನಾನು ಮಾತು ತಿರುಗಿಸುವಂತಿಲ್ಲ. ಓದಿ ಮುಗಿಸುವ ತನಕ ಇದನ್ನು ಮಗಳು ನಿಕಿತಾಳ ಕೈಗೆ ಕೊಡಬೇಡಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಗೊತ್ತು. ಆದರೂ ಕೊಡಬೇಡಿ.

ಮೊನ್ನೆ ನೀವು ಅಣ್ಣನ ವರ್ಷದ ದಿನಕ್ಕೆ ಎಡೆಯಲ್ಲಿ ಏನೇನು ಇಡುತ್ತೀರಿ ಎಂದು ಹೇಳಿದಿರಿ. ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಸಜ್ಜಿ ರೊಟ್ಟಿ, ಒಂದು ಜೊತೆ ಹೊಸ ಬಟ್ಟೆ. ಕೊನೆಗೆ ಸ್ವಲ್ಪ ತಡೆದು, ಬೀಡಿ ಎಂದಿರಿ. ಹಾಲು-ತುಪ್ಪದ ದಿನವೂ ಹಾಗೇ ಮಾಡಿದ್ದಿರಿ. ಅಣ್ಣನ ಚೀಲದಲ್ಲಿ ಸಿಕ್ಕಿದ ಕಟ್ಟನ್ನು ತಂದು ರೊಟ್ಟಿಯ ಪಕ್ಕದಲ್ಲಿಟ್ಟು, ಎಲ್ಲರ ಎದುರು, "ನಮಗಿಂತ ಇದ ಹೆಚ್ಚಾತಲ್ಲ ನಿಮಗ, ತಗೋರಿ" ಎಂದಿರಿ. ಸತ್ತವರಿಗೆ ಪ್ರಿಯವಾದದ್ದನ್ನು ಇಡುವುದು ನಮ್ಮಲ್ಲಿ ರೂಢಿಯೇ. ಆದರೆ ಅಂದು ನೀವು ಇಟ್ಟದ್ದು ಪ್ರೀತಿಯಿಂದಲ್ಲ. ನಾನು ತೆಂಗಿನಕಾಯಿಯ ತಾಟು ಹಿಡಿದು ನಿಮ್ಮ ಹಿಂದೆಯೇ ನಿಂತಿದ್ದೆ.

ವೈನಿ, ಅಣ್ಣ ಬೀಡಿ ಸೇದುತ್ತಿರಲಿಲ್ಲ. ನೀವು ಟಿಟ್ವಾಳಾದ ಫ್ಲ್ಯಾಟಿಗೆ ಬಂದ ವರ್ಷ, ಗಣಪತಿಯ ಮುಂದೆ ನಿಕಿತಾಳ ತಲೆ ಮುಟ್ಟಿ ಆಣೆ ಮಾಡಿದ್ದನಲ್ಲ, ಅಂದೇ ಬಿಟ್ಟದ್ದು. ಚಟ ಎದ್ದಾಗ ಬಾಯಿಗೆ ಹಾಕಿಕೊಳ್ಳಲಿ ಎಂದು ಮುಲಾಮಿನ ಹಳೆಯ ದುಂಡು ಡಬ್ಬಿ ತೊಳೆದು, ಲವಂಗ ತುಂಬಿ, ನೀವೇ ಅವನ ಜೇಬಿಗೆ ಹಾಕಿದಿರಿ. ಅಲ್ಲಿಂದ ಸಾಯುವ ತನಕ ಒಂದು ಬೀಡಿಯನ್ನೂ ಅವನು ಮುಟ್ಟಲಿಲ್ಲ. ಇದು ನನಗೆ ಹೇಗೆ ಗೊತ್ತು ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು.

ಘಣಸೋಲಿಯ ಆಫೀಸಿನಲ್ಲಿ ಕೂತು ನಾನು ಹೊಸ ಹೊಸ ಉಡುಪಿನ ಚಿತ್ರ ಬರೆಯುತ್ತೇನೆ ಎಂದು ನೀವು ನೆರೆಯವರಿಗೆ ಹೇಳಿಕೊಳ್ಳುತ್ತೀರಿ. ನಿಜ ಹೇಳಬೇಕೆಂದರೆ ಹೊಸ ಜೀನ್ಸನ್ನು ಹಳೆಯದಾಗಿ ಕಾಣಿಸುವುದೇ ನನ್ನ ಕೆಲಸ. ಈಗಿನ ಹುಡುಗರಿಗೆ ಅದೇ ಬೇಕು. ಆದರೆ ಸುಳ್ಳು ಸವಕಲು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಅದಕ್ಕೆ ನಾವು ಯಾರೋ ನಿಜವಾಗಿ ತೊಟ್ಟು ಸವೆಸಿದ ಪ್ಯಾಂಟನ್ನು ಹುಡುಕಿ ತಂದು, ಅದರ ಒಂದೊಂದು ಗೆರೆಯನ್ನೂ ಅಳೆದು, ಹೊಸ ಬಟ್ಟೆಯ ಮೇಲೆ ಹಾಗೇ ಇಳಿಸುತ್ತೇವೆ.

ಮೂರು ವರ್ಷದ ಹಿಂದೆ ನಾಗಪಂಚಮಿಗೆ ನಿಮ್ಮ ಮನೆಗೆ ಬಂದಾಗ ಗ್ಯಾಲರಿಯಲ್ಲಿ ಅಣ್ಣನ ನೀಲಿ ಪ್ಯಾಂಟ್ ಒಣಗುತ್ತಿತ್ತು. ಒಂದು ಮೊಣಕಾಲು ಎತ್ತಿ ನೆಲದ ಮೇಲೆ ಕೂತು ಉಣ್ಣುವುದು ಅವನ ಅಭ್ಯಾಸ. ಆ ಮೊಣಕಾಲೊಂದೇ ಬೆಳ್ಳಗಾಗಿತ್ತು, ತೊಡೆಯ ಮೇಲೆ ನಿರಿಗೆಗಳು ಬೀಸಣಿಗೆಯಂತೆ ಹರಡಿದ್ದವು. ಅಷ್ಟು ಚೆಂದದ ಸವಕಲನ್ನು ನಾನು ಯಾವ ಬಜಾರಿನಲ್ಲೂ ನೋಡಿರಲಿಲ್ಲ. ಅವನಿಗೆ ಹೊಸ ಪ್ಯಾಂಟ್ ಕೊಟ್ಟು ಅದನ್ನು ಕೇಳಿ ತೆಗೆದುಕೊಂಡೆ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡಿಯವಳಿಗೆ ಕೊಟ್ಟಿದ್ದರೆ ಒಂದು ಬೋಗುಣಿಯಾದರೂ ಬರುತ್ತಿತ್ತು ಎಂದು ನೀವು ನನ್ನನ್ನು ಚೇಷ್ಟೆ ಮಾಡಿದಿರಿ.

ಆಫೀಸಿನಲ್ಲಿ ಎಲ್ಲರೂ ಆ ಪ್ಯಾಂಟಿಗೆ ಮರುಳಾದರು. ಮೊದಲು ಲೇಸರ್ ಯಂತ್ರದಲ್ಲಿ ಮಾಡಿಸಿ ನೋಡಿದೆವು. ಬಣ್ಣ ಬಳಿದ ಹಾಗೆ ಕಂಡಿತು. ಯಂತ್ರ ಬೇಡ, ಕೈಕೆಲಸವೇ ಆಗಬೇಕು ಎಂದು ನಾನೇ ಬರೆದು ಸಹಿ ಹಾಕಿದೆ. ಅಣ್ಣನ ಕೆಲಸ ಗಟ್ಟಿಯಾಗಲಿ ಎಂಬ ಆಸೆಯಿಂದ ಆರ್ಡರನ್ನು ವಿಠ್ಠಲವಾಡಿಯಲ್ಲಿ ಅವನು ದುಡಿಯುತ್ತಿದ್ದ ಕಾರ್ಖಾನೆಗೇ ಕೊಡಿಸಿದೆ. ಕೈಯಿಂದ ತಿಕ್ಕುತ್ತಾ ಕೂತರೆ ದಿನಕ್ಕೆ ನಲವತ್ತೂ ಆಗುವುದಿಲ್ಲ, ಪೈಪಿನಿಂದ ಜೋರಾಗಿ ಮರಳು ಹೊಡೆದರೆ ಒಂದೊಂದಕ್ಕೆ ಎರಡೇ ನಿಮಿಷ ಎಂದರು ಅಲ್ಲಿಯ ಮಾಲೀಕರು. ಮರಳು ಹೊಡೆಯಬಾರದೆಂದು ನಮ್ಮ ಕಂಪನಿಯ ನಿಯಮವಿದೆ. ಆ ಧೂಳು ಎದೆಯಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಇದೆಲ್ಲ ನಾನು ಓದಿ ಬಂದವಳು, ಓದಿಸಿದವನು ಅಣ್ಣ. ಆದರೂ ಮರಳಿಗೆ ಒಪ್ಪಿ, ಕಾಗದದಲ್ಲಿ 'ಕೈಯಿಂದ ತಿಕ್ಕಿದ್ದು' ಎಂದೇ ಬರೆದೆ.

ಪ್ಯಾಕಿಂಗಿನಲ್ಲಿದ್ದೇನೆ ಎಂದು ಅವನು ನಿಮಗೆ ಹೇಳಿದ್ದ. ಇದ್ದದ್ದು ಮರಳು ಹೊಡೆಯುವ ಹಿಂದಿನ ಕೋಣೆಯಲ್ಲಿ. ಒಂದು ಸಲ ಹೋಗಿ ನೋಡಿದೆ. ಕಿಟಕಿಗೆ ತಾಡಪಾಲು ಬಿಗಿದಿದ್ದರು, ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ, ಹುಬ್ಬು ಬೆಳ್ಳಗಾಗಿತ್ತು. ತನ್ನದೇ ಪ್ಯಾಂಟಿನ ಗುರುತು ಹಿಡಿದಿದ್ದ. "ಸೌಭಾ, ನನ್ನ ಮಣಕಾಲ ಐದು ಸಾವಿರ ಮಂದಿಗೆ ಹಚ್ಚೀದಿ ನೋಡು" ಎಂದು ನಕ್ಕ. ನಾನೂ ನಕ್ಕೆ. ಅವನ ಕೈಗಳ ಫೋಟೊ ತೆಗೆದು ಕಂಪನಿಯ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಸಿದೆ. ತುಂಬಾ ಜನ ಮೆಚ್ಚಿದರು.

ಆ ಆರ್ಡರ್ ಆದ ಮೇಲೆ ಬೇರೆಯವೂ ಬಂದು, ಹದಿನಾಲ್ಕು ತಿಂಗಳು ಅವನು ಆ ಕೋಣೆಯಲ್ಲಿ ಕೆಲಸ ಮಾಡಿದ. ಆಮೇಲಿನ ಕೆಮ್ಮು ನಿಮಗೆ ಗೊತ್ತೇ ಇದೆ. ಕಲ್ಯಾಣದ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ ದಿನ ನೀವು ಔಷಧಿಯ ಸಾಲಿನಲ್ಲಿದ್ದಿರಿ. ಮರಳಿನ ಧೂಳು, ಇನ್ನು ವಾಸಿಯಾಗುವುದಿಲ್ಲ ಎಂದರು. ಆ ವಾರವೇ ವಿದೇಶದ ಖರೀದಿದಾರರು ಕಾರ್ಖಾನೆ ತಪಾಸಣೆಗೆ ಬರುವವರಿದ್ದರು. ಹೊರಗೆ ಬೆಂಚಿನ ಮೇಲೆ ನಾನು ಅಣ್ಣನ ಕೈ ಹಿಡಿದುಕೊಂಡೆ. ಅವನಿಗೆ ಸಮಾಧಾನ ಹೇಳಲಿಕ್ಕಲ್ಲ. ಇದು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಮತ್ತೆಲ್ಲೂ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಬೇಡಿಕೊಳ್ಳಲಿಕ್ಕೆ. ಅವನು ತನ್ನ ಮೊಣಕಾಲಿನ ಮೇಲೆ ಕೈಯಾಡಿಸಿದ. ಆಮೇಲೆ, "ಬೀಡಿ ಅಂತ ಹೇಳ್ತೀನಿ ತಗೋ. ನಾಕ ದಿನ ಬೈತಾಳ, ಬಿಡ್ತಾಳ" ಎಂದ.

ನೀವು ಬಂದು ಡಾಕ್ಟರು ಏನೆಂದರು ಎಂದು ಕೇಳಿದಿರಿ. ಬೀಡಿ ಎಂದವಳು ನಾನು. ಅವನು ತಲೆ ತಗ್ಗಿಸಿದ. ಮರುದಿನ ಸ್ಟೇಷನ್ನಿನ ಹತ್ತಿರ ಒಂದು ಕಟ್ಟು ಕೊಂಡು, ನಿಮ್ಮ ಕಣ್ಣಿಗೆ ಬೀಳುವಂತೆ ಚೀಲದಲ್ಲಿಟ್ಟ. ನೀವು ಎಡೆಗೆ ಇಟ್ಟಾಗಲೂ ಆ ಕಟ್ಟಿನ ದಾರ ಬಿಚ್ಚಿರಲಿಲ್ಲ. ನೀವು ಸಿಟ್ಟಿನಲ್ಲಿ ನೋಡಲಿಲ್ಲ. ನಾನು ನೋಡಿದೆ.

ನೀವು ನಾಲ್ಕು ದಿನ ಬೈಯಲಿಲ್ಲ, ಏಳು ತಿಂಗಳು ಅವನೊಡನೆ ಮಾತೇ ಆಡಲಿಲ್ಲ. ಗಂಜಿ ಕುಡಿಸಿದಿರಿ, ಬೆನ್ನು ತಿಕ್ಕಿದಿರಿ, ಮಗಳ ತಲೆ ಮುಟ್ಟಿ ಮಾಡಿದ ಆಣೆ ಮುರಿದವನೆಂದು ಮುಖ ಮಾತ್ರ ನೋಡಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ಅವನು ನನ್ನ ಹತ್ತಿರ ಒಂದೇ ಮಾತು ಕೇಳಿದ, ಆಕೆಗೆ ಹೇಳುತ್ತೀಯೇನು ಎಂದು. ಹೇಳುತ್ತೇನೆ ಎಂದೆ. ಎರಡು ದಿನ ಅವನ ಕಣ್ಣು ಬಾಗಿಲಲ್ಲೇ ಇತ್ತು. ನೀವು ಬಂದಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ನನಗೆ ಆಗಲಿಲ್ಲ ವೈನಿ. ಅವನ ಜೀವ ಹೋಗುವುದಕ್ಕಿಂತ ನಿಮ್ಮ ಕಣ್ಣಲ್ಲಿ ನಾನು ಕೀಳಾಗುವುದೇ ಆಗ ನನಗೆ ದೊಡ್ಡದಾಗಿ ಕಂಡಿತು.

ನಾನು ಇನ್ನೂ ಅದೇ ಆಫೀಸಿನಲ್ಲಿದ್ದೇನೆ. ಹೋದ ತಿಂಗಳು ಅದೇ ಪ್ಯಾಂಟ್ ಕಪ್ಪು ಬಣ್ಣದಲ್ಲಿ ಬೇಕೆಂದು ಆರ್ಡರ್ ಬಂತು. ಬೇರೆ ಕಾರ್ಖಾನೆ, ಇನ್ಯಾರದೋ ಅಣ್ಣ. ಅದಕ್ಕೂ ಸಹಿ ಹಾಕಿದೆ. ನಾನು ಎಂಥವಳೆಂದು ನಿಮಗೆ ಪೂರ್ತಿ ಗೊತ್ತಿರಲಿ. ಡಾಕ್ಟರರ ಆ ದಿನದ ಚೀಟಿ, ನಾನು ಸಹಿ ಮಾಡಿದ ಹಾಳೆಯ ಪ್ರತಿ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸಿ, ನನ್ನ ಹೆಸರು ಮುಚ್ಚಬೇಡಿ.

ಈ ಸಲ ಎಡೆಯಲ್ಲಿ ಬೀಡಿ ಇಡಬೇಡಿ. ಅವನೊಡನೆ ಏನಾದರೂ ಮಾತಾಡಿ. ಇಪ್ಪತ್ತನೆಯ ತಾರೀಖು, ವರ್ಷದ ದಿನಕ್ಕೆ, ನಾನು ಬರಬೇಕೋ ಬೇಡವೋ ನೀವು ಹೇಳಿದಂತೆ.

ಎದುರು ನಿಂತು ಹೇಳಲಾರದ ನಿಮ್ಮ ನಾದಿನಿ,
ಸೌಭಾಗ್ಯ

ತಾ.ಕ.: ಪಪ್ಪನ ಎಡೆಗೆಂದು ನಿಕಿತಾ ಹೊಸ ಜೀನ್ಸ್ ತಂದಿದ್ದಾಳಂತೆ. ಆತ್ಯಾ, ಹೇಗಿದೆ ಎಂದು ಹಿಂದಿಯಲ್ಲಿ ಬರೆದು ನನಗೆ ಫೋಟೊ ಕಳಿಸಿದ್ದಳು. ಅದು ನಮ್ಮದೇ ವೈನಿ, ಅವನ ಮೊಣಕಾಲೇ. ಅದನ್ನು ಇಡಬೇಡಿ, ಯಾಕೆಂದು ಅವಳಿಗೆ ಹೇಗೆ ಹೇಳುತ್ತೀರೋ ನನಗೆ ತಿಳಿಯದು. ಅಣ್ಣನ ಹಳೆಯ ಪ್ಯಾಂಟನ್ನೇ ಈ ಪಾರ್ಸಲಿನಲ್ಲಿ ಕಳಿಸುತ್ತಿದ್ದೇನೆ. ಬಲಗಡೆ ಹಿಂದಿನ ಜೇಬಿನ ಮೇಲೆ ದುಂಡಗೆ ಬಿಳಿಯ ಗುರುತಿದೆ, ನೋಡಿ. ಆಫೀಸಿನಲ್ಲಿ ಅದನ್ನೂ ಅಳೆದು ಐದು ಸಾವಿರ ಪ್ಯಾಂಟಿಗೆ ಹಾಕಿಸಿದೆವು, ಆ ಜೇಬಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ದಿನವೂ ಇಟ್ಟುಕೊಂಡು ಒಂದೆರಡು ವರ್ಷ ಓಡಾಡಿದರೆ ಮಾತ್ರ ಅಂಥ ಗುರುತು ಬೀಳುತ್ತದೆ. ಆಸ್ಪತ್ರೆಯವರು ಕೊಟ್ಟ ಸಾಮಾನಿನಲ್ಲಿ ನಿಮ್ಮ ಆ ಡಬ್ಬಿಯೂ ಇತ್ತು. ನೀವು ನೋಡಬಾರದೆಂದು ಎತ್ತಿಟ್ಟುಕೊಂಡಿದ್ದೆ. ಈಗ ಅದೇ ಜೇಬಿನಲ್ಲಿಟ್ಟಿದ್ದೇನೆ. ಒಳಗೆ ಮೂರು ಲವಂಗ ಉಳಿದಿವೆ.