ಉರಿಯದ ದೀಪಕ್ಕೆ ಪಾಸು ಕೊಟ್ಟವರಿಗೆ

ವಾಹನ ತಪಾಸಣೆಯ ಮುಖ್ಯಾಧಿಕಾರಿಗಳೇ,

ಡಯಾಲಿಸಿಸ್ ರೋಗಿಗಳ ವ್ಯಾನ್ ಓಡಿಸುತ್ತಿದ್ದ ನನ್ನ ಅಕ್ಕನ ಅಪಘಾತದ ಬಗ್ಗೆ ನಿಮ್ಮ ಕಚೇರಿ ‘ಚಾಲಕಿಯ ನಿರ್ಲಕ್ಷ್ಯ’ ಎಂದು ವರದಿ ಬರೆದಿದೆ. ಅದು ಸುಳ್ಳು. ಕೂಗಿ ಹೇಳಬೇಕಿತ್ತು, ಘೋಷಣೆ ಕೂಗಿಯೇ ಸವೆದ ಗಂಟಲು ನನ್ನದು. ಈ ಸಲ ಕೂಗುವುದಿಲ್ಲ. ಬರೆಯುತ್ತಿದ್ದೇನೆ.

ಆ ವ್ಯಾನಿನಲ್ಲಿ ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೊಂದಿತ್ತು. ಸ್ಟಿಯರಿಂಗ್ ಎತ್ತ ತಿರುಗಿದೆ, ಗಾಡಿ ನಿಜಕ್ಕೂ ಎತ್ತ ಹೊರಟಿದೆ ಎಂದು ಅದು ಸದಾ ತಾಳೆ ನೋಡುತ್ತದೆ. ಎರಡೂ ಬೇರೆಯಾದ ಕ್ಷಣ, ಬೇಕಾದ ಚಕ್ರವೊಂದಕ್ಕೇ ಬ್ರೇಕ್ ಹಾಕಿ, ಎಂಜಿನ್ನಿನ ಎಳೆತ ತಗ್ಗಿಸಿ ಗಾಡಿಯನ್ನು ದಾರಿಗೆ ತರುತ್ತದೆ. ಮನುಷ್ಯರ ಕಾಲಿಗೆ ಈ ವಿದ್ಯೆ ಇಲ್ಲ. ನಾವು ತುಳಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್. ಪವಾಡವೇನಲ್ಲ, ಹಿಡಿತವೇ ಇಲ್ಲದ ಕಡೆ ಅದೂ ಕೈಚೆಲ್ಲುತ್ತದೆ. ಆದರೆ ಒದ್ದೆ ತಿರುವಿನಲ್ಲಿ ಟೈರಿಗೆ ಉಳಿದಿರುವ ಅಷ್ಟಿಷ್ಟು ಹಿಡಿತ ಪೋಲಾಗದಂತೆ ಕಾಯುತ್ತದೆ.

ಚಕ್ರದ ಸೆನ್ಸರ್ ಕೆಟ್ಟು ಆ ಕಾವಲು ನಿಂತುಹೋಯಿತು. ಸ್ಟಿಯರಿಂಗಿನ ಮುಂದೆ ಹಳದಿ ದೀಪ ಹತ್ತಿತು. ಅಕ್ಕ ಗ್ಯಾರೇಜಿಗೆ ಒಯ್ದಳು. ಮೇಸ್ತ್ರಿ ಸೆನ್ಸರ್ ಬದಲಿಸಲಿಲ್ಲ. ದೀಪದ ಬಲ್ಬ್ ಕಿತ್ತ.

“ಏನಣ್ಣ ಇದು, ಜ್ವರ ಬಂದ್ರೆ ಥರ್ಮಾಮೀಟರ್ ಒಡೀತೀಯಾ?”

“ನಾನೇನ್ ಮಾಡ್ಲಕ್ಕಾ? ಸೆನ್ಸರ್ ಕೇಳಿದ್ರೆ ಮಾಲೀಕರು ಆಮೇಲೆ ಅಂತಾರೆ. ದೀಪ ಉರಿದ್ರೆ ತಪಾಸಣೇಲಿ ಫೇಲು. ದೀಪಾನೇ ಇಲ್ದಿದ್ರೆ ಪಾಸು. ಗಾಡಿ ನಿಂತ್ರೆ ನಿನ್ ರೋಗಿಗಳನ್ನ ಹೊತ್ಕೊಂಡು ಹೋಗ್ತೀಯಾ?”

ಪಾಸಾಯಿತು. ಮಳೆ ಬಿದ್ದ ಬೆಳಿಗ್ಗೆಯೊಂದರಲ್ಲಿ, ಆಸ್ಪತ್ರೆ ಮುಂದಿನ ಇಳಿಜಾರು ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಅಕ್ಕ ತಪ್ಪಿಸಲು ಹೊರಳಿಸಿದಳು. ವ್ಯಾನಿನ ಹಿಂಭಾಗ ಜಾರಿ ಗೋಡೆಗೆ ಬಡಿಯಿತು. “ನಿಧಾನ ತಾಯಿ, ಕಿಡ್ನಿಯಂತೂ ಹೋಯ್ತು, ಸೊಂಟನಾದ್ರೂ ಉಳೀಲಿ” ಎಂದು ದಿನಾ ಛೇಡಿಸುತ್ತಿದ್ದ ಟೈಲರ್ ಅಜ್ಜ ಕೂತಲ್ಲೇ ಹೋದರು.

ಗೊತ್ತಿದ್ದೂ ಯಾಕೆ ಓಡಿಸಿದಳು ಎನ್ನುತ್ತೀರಿ. ಡಯಾಲಿಸಿಸ್ ತಪ್ಪಿದರೂ ಸಾವೇ ಅಲ್ಲವೇ, ಮಹನೀಯರೇ? ಮೇಲಾಗಿ ಗಾಜಿನ ಮೇಲೆ ನಿಮ್ಮ ಘನ ಮುದ್ರೆ ಮಿನುಗುತ್ತಿತ್ತು. ಕಾವಲಿದ್ದಿದ್ದರೆ ಅಜ್ಜ ಖಂಡಿತ ಬದುಕುತ್ತಿದ್ದರೆಂದು ನಾನು ಆಣೆ ಮಾಡಲಾರೆ. ಬದುಕುವ ಅವಕಾಶವಿತ್ತು. ಅದನ್ನು ಕಿತ್ತ ಕೈಗೆ ಕಲಿಸಿಕೊಟ್ಟವರು ಯಾರು?

ಅಕ್ಕ ಅಳುವುದಿಲ್ಲ. ಊಟದ ನಡುವೆ “ನಾನೇ ಕೊಂದೆ ಕಣೋ” ಎನ್ನುತ್ತಾಳೆ, ಉಪ್ಪು ಕೊಡು ಅನ್ನುವ ದನಿಯಲ್ಲಿ. ನಾನು ಉಪ್ಪು ಕೊಡುತ್ತೇನೆ.

ಗಾಡಿ ಚಾಲೂ ಮಾಡಿದಾಗ ಆ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತದಿದ್ದರೂ ಫೇಲು ಮಾಡಿ. ಇಷ್ಟಕ್ಕೆ ಕಣ್ಣು ಸಾಕು, ಸಮಿತಿ ಬೇಡ. ವರದಿಯ ಆ ಸಾಲನ್ನು ಹೊಡೆದುಹಾಕಿ. ಹಾಗೆಂದು ಅಂಚೆಯಲ್ಲಿ ತಿದ್ದುಪಡಿ ಕಳಿಸಬೇಡಿ. ಮನೆಗೆ ಬನ್ನಿ. ಅಕ್ಕನ ಎದುರು ಕೂತು ಬಾಯಿಬಿಟ್ಟು ಹೇಳಿ: “ತಪ್ಪು ನಿಮ್ಮದಲ್ಲ ತಾಯಿ, ನಮ್ಮದು.”

ಇಂತಿ,
ನೀವು ಪಾಸು ಮಾಡಿದ ಗಾಡಿಗಳ ನಡುವೆ
ಇನ್ನೂ ರಸ್ತೆ ದಾಟುತ್ತಿರುವ
ಅವಳ ತಮ್ಮ