ಅತ್ತೆಗೆ ಇಟ್ಟ ಎಡೆ

ಸೆಪ್ಟೆಂಬರ್ ೮, ಸೋಮವಾರ

ಮತ್ತೆ ಕರೆಂಟಿಲ್ಲ. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು ಕೆ.ಬಿ. ಬಡಾವಣೆಯ ಪ್ರೆಸ್ಸಿಗೆ ಹೋದೆ. ಅಲ್ಲಿ ಕೆಲಸಕ್ಕಿರುವ ನಿಂಗರಾಜು ಮೊಬೈಲ್ ಹಿಡಿದೇ ಕಾಯುತ್ತಿದ್ದ. ಯಾವನೋ ಯೂಟ್ಯೂಬಿನವನು ಹರಿಹರದಾಚೆಯ ಪಾಳುಬಿದ್ದ ಹುಚ್ಚಾಸ್ಪತ್ರೆಯಲ್ಲಿ ದೆವ್ವ ಹುಡುಕಿದ್ದಾನೆ. ಕಿಟಕಿಯಲ್ಲಿ ನಿಂತು ನೀರು ಕೇಳುವ ಹೆಣ್ಣು ದೆವ್ವ — ಅಲ್ಲಿನ ಹಳೇ ರಿಜಿಸ್ಟರಿನ ಪ್ರಕಾರ ಹೆಸರು ಹುಲಿಗೆಮ್ಮ, ಊರು ಸಾರಥಿ.

"ನಿಮ್ಮೂರೇ ಅಲ್ಲೇನ್ರಿ ಸರ್?"

ಊರೇನು, ನಮ್ಮ ಮನೆಯವಳೇ. ಅಪ್ಪನ ತಂಗಿ, ಬೆಳಿಗ್ಗೆ ಮಾತ್ರೆ ನುಂಗಿದ ಅದೇ ಅತ್ತೆ. ಅಲ್ಲಿದ್ದವಳನ್ನು ಆಸ್ಪತ್ರೆ ಮುಚ್ಚಿದಾಗ ಯಾವುದೋ ಆಶ್ರಮಕ್ಕೆ ಸಾಗಿಸಿದ್ದರು. ಎರಡು ವರ್ಷದ ಹಿಂದೆ ಪತ್ತೆ ಹಚ್ಚಿ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಕರೆತಂದೆ.

ಊರಿಗೆಲ್ಲ ದೆವ್ವದ ಭಯ,
ದೆವ್ವಕ್ಕೆ ನಮ್ಮಲ್ಲಿ ಶುಂಠಿ ಕಷಾಯ.

ಎಂದಿನಂತೆ ಚುಟುಕ ಬರೆದೆ. ನಗು ಬರಲಿಲ್ಲ.

ಸೆ. ೧೦, ಸಂಜೆ

ಬಚ್ಚಿಡಬೇಕೆಂದಿದ್ದೆ. ಹೆಂಡತಿ ಸುಧಾ ಬಾಯಿಬಿಟ್ಟಳು. ಅತ್ತೆ ವಿಡಿಯೊ ಪೂರ್ತಿ ನೋಡಿದಳು.

"ನೀರು ಕೇಳಿದ್ದು ಖರೇನೇ. ಕಿಟಕಿ ಕೆಳಗಿನ ಮಂಚಕ್ಕೆ ಸರಪಳಿ ಹಾಕಿ ಹೋಗಿಬಿಡೋರು. ರಸ್ತೇಲಿ ಹೋಗೋರ್ನ ಕೂಗ್ತಿದ್ದೆ. ದೆವ್ವ ಅಂತ ಓಡೋರು."

ಮೊಬೈಲನ್ನು ಸುಧಾಳ ಕೈಗೆ ಕೊಟ್ಟು —

"ಪಕ್ಕದ ಮಂಚದ ಕಾಟಮ್ಮ ಕೂಗ್ಲಿಲ್ಲ. ಹಂಗೇ ಸತ್ಲು. ಅವಳನ್ನ ಯಾರೂ ದೆವ್ವಾನೂ ಮಾಡ್ಲಿಲ್ಲ ನೋಡು."

ಸೆ. ೧೪

ಸಾರಥಿ. ದೊಡ್ಡಪ್ಪ ಕರಿಯಣ್ಣನ ಮನೆ. ತಂಗಿಯನ್ನು ಆಸ್ಪತ್ರೆಗೆ ಬಿಟ್ಟವನೂ ಅವನೇ, ಸತ್ತಳೆಂದು ಊರಿಗೆ ಸಾರಿದವನೂ ಅವನೇ. ಹಿರಿಯರ ಹಬ್ಬಕ್ಕೆ ಈ ಸಲವೂ ಅವಳಿಗೆ ಎಡೆ ಇಡುತ್ತಾನಂತೆ. ಎಡೆ ಬೇಡ, ಅವಳನ್ನೇ ಕರಿ ಎಂದೆ.

"ಸತ್ಲು ಅಂತ ಊರಿಗೆಲ್ಲ ಊಟ ಹಾಕೀನಿ ಮಾಲತೇಶ. ಬದುಕ್ಯಾಳೆ ಅಂದ್ರೆ ಜನ ಏನಂತಾರೆ?"

"ಊಟ ಚೆನ್ನಾಗಿತ್ತು ಅಂತಾರೆ ದೊಡ್ಡಪ್ಪ."

ಎದ್ದು ಒಳಗೆ ಹೋದ. ನಮ್ಮ ವಂಶದಲ್ಲಿ ಹಾಸ್ಯಕ್ಕೆ ಬೆಲೆಯಿಲ್ಲ.

ಸತ್ತವಳಿಗೆ ಹೋಳಿಗೆ, ಸೀರೆ;
ಬದುಕಿದವಳಿಗೆ 'ಬಾ' ಎನ್ನಲಾರೆ.

ಸೆ. ೧೯

ದೊಡ್ಡಪ್ಪನಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಸಾಕಾಗಿದೆ... ಅತ್ತೆ ಮಾತ್ರ ಚೀಲ ಕಟ್ಟಿಕೊಂಡು ಕೂತಿದ್ದಾಳೆ. ಕರೆದಿಲ್ಲವಲ್ಲ ಅತ್ತೆ ಎಂದರೆ —

"ವರ್ಷಾ ವರ್ಷಾ ಎಡೆ ಇಟ್ಟು ಕರೀತಾನಲ್ಲ. ಹೋಗ್ದಿದ್ರೆ ಹೆಂಗೆ?"

ಸೆ. ೨೧, ಅಮಾವಾಸ್ಯೆ

ಬೈಕಿನಲ್ಲಿ ಕರೆದೊಯ್ದೆ. ದೊಡ್ಡಪ್ಪ ಅವಳ ಕಡೆ ತಿರುಗಲಿಲ್ಲ. ನಡುಮನೆಯಲ್ಲಿ ನಾಲ್ಕು ಎಲೆ — ತಾತ, ಅಜ್ಜಿ, ಅಪ್ಪ, ಹುಲಿಗೆಮ್ಮ. ಕೊನೆಯ ಎಲೆಯ ಪಕ್ಕ ಹಸಿರು ಸೀರೆ. ಹಿರಿಯರು ಬಂದು ಉಣ್ಣಲಿ ಎಂದು ಕದ ಮುಚ್ಚಿ ಎಲ್ಲರೂ ಜಗಲಿಗೆ ಬಂದು ನಿಂತೆವು. ನೋಡಿದರೆ ಅತ್ತೆ ಇಲ್ಲ.

ಒಳಗೆ ಹಪ್ಪಳ ಮುರಿದ ಸದ್ದು.

ದೊಡ್ಡಪ್ಪನ ಸೊಸೆ ಮೀನಾಕ್ಷಿ ಮಗುವನ್ನು ಅವುಚಿಕೊಂಡಳು.

"ಯಾ... ಯಾರದು?" ದೊಡ್ಡಪ್ಪ.

"ನಾನಣ್ಣ, ಹುಲಿಗಿ. ಪಲ್ಯಕ್ಕೆ ಉಪ್ಪು ಕಮ್ಮಿ ಐತೆ."

ಅಕ್ಕಪಕ್ಕದ ಮನೆಯವರು ಇಣುಕುತ್ತಿದ್ದರು. ದೊಡ್ಡಪ್ಪ ಅವರನ್ನು ನೋಡಿದ, ಕದ ನೋಡಿದ. ಆಮೇಲೆ ಮೀನಾಕ್ಷಿಗೆ, ಬೀದಿಗೆಲ್ಲ ಕೇಳುವ ಹಾಗೆ —

"ಉಪ್ಪು ತಗಂಬಾರವ್ವ. ನನ್ ತಂಗಿ ಉಣ್ಣಾಕೆ ಕುಂತಾಳೆ."

ಕದ ತೆಗೆದವನೂ ಅವನೇ. ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಸೀರೆ ಕೈಗೆತ್ತಿಕೊಂಡು ಅವಳ ಮಡಿಲಿಗಿಟ್ಟ; ಮೀನಾಕ್ಷಿ ತಂದ ಉಪ್ಪನ್ನು ತಾನೇ ಅವಳ ಎಲೆಗೆ ಬಡಿಸಿದ.